ಗುಳಿಗೆಯ ಬೆಲೆ ಇಳಿದ ಕಥೆ

ಕಳೆದ ತಿಂಗಳು ಊರಿಗೆ ಹೋದಾಗ ಚಿಕ್ಕಪ್ಪನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವರು ಶುಗರ್ ಟೆಸ್ಟಿಗೆ ಅಂತ ಒಳಗೆ ಹೋದ ಮೇಲೆ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಎದುರಿನ ಕೋಣೆಗೆ 'ಎ.ಆರ್.ಟಿ. ಕೇಂದ್ರ' ಅಂತ ಬೋರ್ಡು. ಅಲ್ಲಿಂದ ಹೊರಗೆ ಬಂದ ಒಬ್ಬ ಹೆಂಗಸು ಕೈಯಲ್ಲಿದ್ದ ಮಾತ್ರೆ ಡಬ್ಬಿಯನ್ನು ಸಂತೆ ಚೀಲದಲ್ಲಿ ಕರಿಬೇವಿನ ಕಟ್ಟಿನ ಕೆಳಗೆ ಇಟ್ಟುಕೊಂಡು, ಬಸ್ಸಿಗೆ ಹೊತ್ತಾಯ್ತು ಅನ್ನುವ ಹಾಗೆ ಬಿರಬಿರನೆ ನಡೆದುಹೋದರು. ದುಡ್ಡು ಕೊಟ್ಟದ್ದು ಕಾಣಲಿಲ್ಲ. ಕೊಡಬೇಕಾಗಿಯೂ ಇಲ್ಲ, ಅಲ್ಲಿ ಎಚ್‌ಐವಿ ಔಷಧ ಉಚಿತ.

ನನಗೆ ನೆನಪಾಗಿದ್ದು 1999.

ಪಿಯುಸಿ ಮುಗಿಸಿ ಮುಂದೇನು ಅಂತ ತೋಚದೆ ಆ ವರ್ಷ ನಮ್ಮೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕೆ ಇದ್ದೆ. ನಮ್ಮದು ಹಾವೇರಿ ಕಡೆಯ, ಪಿ.ಬಿ. ರೋಡಿನ ಮೇಲಿನ ಊರು. ಲಾರಿಗಳದ್ದೇ ರಾಜ್ಯ. ನಮ್ಮ ಓಣಿಯ ಲಾರಿ ಡ್ರೈವರ್ ಒಬ್ಬ ಒಂದು ಸಂಜೆ ಅಂಗಡಿಯಲ್ಲಿ ಬೇರೆ ಗಿರಾಕಿ ಇಲ್ಲದ್ದು ನೋಡಿಕೊಂಡು ಬಂದು ಒಂದು ಚೀಟಿ ಕೊಟ್ಟ. ಹುಬ್ಬಳ್ಳಿಯ ಡಾಕ್ಟರು ಬರೆದಿದ್ದ ಚೀಟಿ. ಮೂರು ಔಷಧದ ಹೆಸರು. "ಇದು ಎಷ್ಟಾಕ್ಕೈತಿ ನೋಡ್ ತಮ್ಮಾ" ಅಂದ. ಮಾಲೀಕರು ಹುಬ್ಬಳ್ಳಿಯ ಸ್ಟಾಕಿಸ್ಟಿಗೆ ಫೋನ್ ಮಾಡಿ ಕೇಳಿ, ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಒಂದು ತಿಂಗಳ ಲೆಕ್ಕ ಬರೆದು ನನ್ನ ಕಡೆ ಸರಿಸಿದರು. ಅದು ಅವನ ತಿಂಗಳ ಪಗಾರದ ಐದಾರು ಪಟ್ಟು ಇತ್ತು. ನನಗೆ ಆ ಅಂಕಿ ಬಾಯಿಬಿಟ್ಟು ಹೇಳಲಾಗಲಿಲ್ಲ. "ಸ್ಟಾಕ್ ಇಲ್ಲ ಅಣ್ಣಾ" ಅಂದುಬಿಟ್ಟೆ. ಅವನು ಚೀಟಿ ವಾಪಸ್ ತಗೊಂಡು ಹಿಂದೆ ತಿರುಗಿಸಿ ನೋಡಿದ. ಪೆನ್ಸಿಲ್ ಅಂಕಿ ಅಲ್ಲೇ ಇತ್ತು. ಏನೂ ಮಾತಾಡದೆ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಇರಲಿ. ಅವನ ಕಥೆಗೆ ಕೊನೆಯಲ್ಲಿ ಬರ್ತೀನಿ.

ಅವತ್ತು ಆಸ್ಪತ್ರೆಯಿಂದ ಬರುವಾಗ ಚಿಕ್ಕಪ್ಪನಿಗೆ ಇದನ್ನೆಲ್ಲ ಹೇಳಿದೆ. "ಅದರಾಗೇನೈತಿ? ಮೊಬೈಲ್ ಅಗ್ಗ ಆಗಲಿಲ್ಲೇನು, ಹಂಗ ಔಷಧಾನೂ ಅಗ್ಗ ಆತು" ಅಂದರು. ನಮ್ಮಲ್ಲಿ ಬಹಳ ಜನ ಹೀಗೇ ಅಂದುಕೊಂಡಿರುತ್ತೇವೆ. ಇಲ್ಲವೇ ದೊಡ್ಡ ಕಂಪನಿಗಳಿಗೆ ಯಾವತ್ತೋ ಕರುಣೆ ಬಂತು ಅಂದುಕೊಂಡಿರುತ್ತೇವೆ. ಎರಡೂ ಅಲ್ಲ. ಈ ಬೆಲೆಯನ್ನು ಜನ ಜಗಳ ಮಾಡಿ ಇಳಿಸಿದ್ದು. ಅದರಲ್ಲೂ ಆ ಕಾಯಿಲೆ ಇದ್ದವರೇ ಮುಂದೆ ನಿಂತು, ಓದಿದರೆ ನಿದ್ದೆ ಬರುವಂಥ ವ್ಯಾಪಾರ ಕಾನೂನುಗಳನ್ನು ಓದಿ ಇಳಿಸಿದ್ದು. ಆ ಕಥೆಯನ್ನು ಒಂದು ಕಡೆ ಬರೆದಿಡಬೇಕು ಅನ್ನಿಸಿತು. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

* * *

ಮೊದಲು ಪೇಟೆಂಟ್ ಅಂದರೇನು ಅಂತ ನೋಡಿಬಿಡೋಣ. ಮೈಸೂರು ಪಾಕನ್ನು ನಾನು ಕಂಡುಹಿಡಿದೆ ಅಂತ ಇಟ್ಟುಕೊಳ್ಳಿ. ಸರ್ಕಾರ ನನಗೆ ಎರಡು ಥರ ಹಕ್ಕು ಕೊಡಬಹುದು. ಒಂದು, ನಾನು ಮಾಡುವ ವಿಧಾನದ ಮೇಲಿನ ಹಕ್ಕು. ನನ್ನ ಹದ, ನನ್ನ ಪಾಕ ಯಾರೂ ನಕಲು ಮಾಡುವ ಹಾಗಿಲ್ಲ. ಆದರೆ ನೀವು ಬೇರೆ ದಾರಿಯಲ್ಲಿ ಮೈಸೂರು ಪಾಕ್ ಮಾಡಿದರೆ ನನ್ನ ತಕರಾರಿಲ್ಲ. ಎರಡನೆಯದು ಪದಾರ್ಥದ ಮೇಲಿನ ಹಕ್ಕು. ಆಗ ನೀವು ಯಾವ ವಿಧಾನದಲ್ಲೂ ಮೈಸೂರು ಪಾಕ್ ಮಾಡುವ ಹಾಗೇ ಇಲ್ಲ. ಇಡೀ ಊರಿಗೆ ನಾನೊಬ್ಬನೇ ಅಂಗಡಿ. ನಾನು ಹೇಳಿದ್ದೇ ರೇಟು.

ಸ್ವಾತಂತ್ರ್ಯ ಬಂದಾಗ ನಮ್ಮಲ್ಲಿದ್ದದ್ದು ಬ್ರಿಟಿಷರ ಕಾಲದ 1911ರ ಕಾನೂನು. ಅದರಲ್ಲಿ ಔಷಧಕ್ಕೆ ಈ ಎರಡನೇ ಥರದ ಪೇಟೆಂಟೂ ಸಿಗುತ್ತಿತ್ತು. ಬಡ ದೇಶದಲ್ಲಿ ಔಷಧದ ಬೆಲೆ ಮಾತ್ರ ಶ್ರೀಮಂತ ದೇಶಗಳಿಗಿಂತಲೂ ಹೆಚ್ಚು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ ಸಮಿತಿ 1959ರಲ್ಲಿ ಒಂದು ವರದಿ ಕೊಟ್ಟಿತು. ಅದರ ಆಧಾರದ ಮೇಲೆ 1970ರಲ್ಲಿ ಹೊಸ ಪೇಟೆಂಟ್ ಕಾನೂನು ಬಂತು, 1972ರಲ್ಲಿ ಜಾರಿಯಾಯಿತು. ಇನ್ನು ಮುಂದೆ ಔಷಧಕ್ಕೆ, ಆಹಾರಕ್ಕೆ ಪದಾರ್ಥದ ಪೇಟೆಂಟ್ ಇಲ್ಲ, ವಿಧಾನಕ್ಕೆ ಮಾತ್ರ ಅಂತಾಯಿತು. ಅದೂ ಹೆಚ್ಚೆಂದರೆ 7 ವರ್ಷ. ನಮ್ಮ ರಸಾಯನ ಶಾಸ್ತ್ರಜ್ಞರು ಒಂದೇ ಔಷಧಕ್ಕೆ ಹೊಸ ಹೊಸ ದಾರಿ ಹುಡುಕುವುದರಲ್ಲಿ ಪಳಗಿದ್ದು ಇದರಿಂದಲೇ. ಆಗ ಎಚ್‌ಐವಿ ಅನ್ನುವ ಹೆಸರೇ ಹುಟ್ಟಿರಲಿಲ್ಲ. ಮೂವತ್ತು ವರ್ಷದ ನಂತರ ಆಫ್ರಿಕಾದ ಹಳ್ಳಿಗಳಲ್ಲಿ ಈ ಕಾನೂನು ಜೀವ ಉಳಿಸುತ್ತೆ ಅಂತ ಅವತ್ತು ಪಾರ್ಲಿಮೆಂಟಿನಲ್ಲಿ ಕೈ ಎತ್ತಿದವರು ಕನಸಲ್ಲೂ ಎಣಿಸಿರಲಿಕ್ಕಿಲ್ಲ.

* * *

ಬೆಲೆಯ ಜಗಳ ಶುರುವಾದದ್ದು ಮಾತ್ರ ಅಮೆರಿಕದಲ್ಲಿ. 1987ರಲ್ಲಿ ಎ.ಝಡ್.ಟಿ. ಅನ್ನುವ ಮೊದಲ ಏಡ್ಸ್ ಔಷಧಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ವರ್ಷಕ್ಕೆ ಹತ್ತಿರ ಹತ್ತಿರ 10,000 ಡಾಲರ್. ಅದೇ ವರ್ಷ ನ್ಯೂಯಾರ್ಕಿನಲ್ಲಿ 'ಆಕ್ಟ್ ಅಪ್' ಅನ್ನುವ ಗುಂಪು ಹುಟ್ಟಿತು. 1989ರ ಸೆಪ್ಟೆಂಬರಿನಲ್ಲಿ ಅದರ ಕೆಲವರು ನ್ಯೂಯಾರ್ಕ್ ಷೇರುಪೇಟೆಯ ಒಳಗೇ ಹೊಕ್ಕು, ಬಾಲ್ಕನಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಗಲಾಟೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಕಂಪನಿ ಬೆಲೆಯನ್ನು ಶೇ. 20ರಷ್ಟು ಇಳಿಸಿತು. ಔಷಧದ ಬೆಲೆ ದೇವರು ಬರೆದದ್ದಲ್ಲ, ಕೂಗಿದರೆ ಅಲುಗುತ್ತದೆ ಅನ್ನುವುದು ಆಗ ಗೊತ್ತಾಯಿತು.

ಆದರೆ ಎ.ಝಡ್.ಟಿ. ಒಂದರಿಂದಲೇ ಏಡ್ಸ್ ನಿಲ್ಲಲಿಲ್ಲ. ನಿಜವಾದ ತಿರುವು ಬಂದದ್ದು 1996ರಲ್ಲಿ. ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ವೈರಸ್ ತೆಪ್ಪಗಾಗುತ್ತೆ, ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋಗುತ್ತಾರೆ ಅಂತ ಆ ವರ್ಷ ವ್ಯಾಂಕೂವರ್‌ನ ಏಡ್ಸ್ ಸಮ್ಮೇಳನದಲ್ಲಿ ತೋರಿಸಿದರು. ಬೆಲೆ? ಒಬ್ಬರಿಗೆ ವರ್ಷಕ್ಕೆ 10,000ದಿಂದ 15,000 ಡಾಲರ್.

ಇದರ ಹಿಂದಿನ ವರ್ಷ, 1995ರ ಜನವರಿ 1ರಂದು, ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತ್ತು. ನಮ್ಮಲ್ಲಿ ಡಂಕೆಲ್, ಗ್ಯಾಟ್ ಅಂತ ರೈತ ಸಂಘದವರು ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಸಭೆ ಮಾಡಿದ್ದು ನಿಮಗೆ ನೆನಪಿರಬಹುದು, ಅದರ ಕೂಸೇ ಇದು. ಈ ಸಂಸ್ಥೆಯ 'ಟ್ರಿಪ್ಸ್' ಒಪ್ಪಂದದ ಪ್ರಕಾರ ಸದಸ್ಯ ದೇಶಗಳೆಲ್ಲ ಔಷಧಕ್ಕೂ 20 ವರ್ಷದ, ಪದಾರ್ಥದ ಮೇಲಿನ ಪೇಟೆಂಟ್ ಕೊಡಬೇಕು. ನಮ್ಮಂಥ ದೇಶಗಳಿಗೆ ಕಾನೂನು ಬದಲಿಸಲು 2005ರವರೆಗೆ ಗಡುವು. ಅಂದರೆ ಜೀವ ಉಳಿಸುವ ಔಷಧ, ಅದಕ್ಕೆ ಬೀಗ ಹಾಕುವ ಕಾನೂನು ಎರಡೂ ಒಂದು ವರ್ಷದ ಅಂತರದಲ್ಲಿ ಬಂದವು.

ಬೀಗದಲ್ಲಿ ಒಂದೆರಡು ಸಣ್ಣ ಕಿಂಡಿಗಳೂ ಇದ್ದವು. ತುರ್ತು ಅಗತ್ಯ ಬಂದರೆ ಸರ್ಕಾರ ಪೇಟೆಂಟ್ ಇದ್ದವರನ್ನು ಬದಿಗಿಟ್ಟು, ಸಣ್ಣ ರಾಯಲ್ಟಿ ಕೊಟ್ಟು, ಬೇರೆಯವರಿಂದ ಔಷಧ ಮಾಡಿಸಬಹುದು. ಇದು ಕಡ್ಡಾಯ ಲೈಸೆನ್ಸ್. ಅದೇ ಕಂಪನಿಯ ಔಷಧ ಪಕ್ಕದ ದೇಶದಲ್ಲಿ ಅಗ್ಗಕ್ಕೆ ಸಿಕ್ಕರೆ ಅಲ್ಲಿಂದ ತರಿಸಬಹುದು. ಇದು ಸಮಾನಾಂತರ ಆಮದು. ಒಪ್ಪಂದದಲ್ಲೇ ಇವಕ್ಕೆ ಜಾಗ ಇತ್ತು. ಆದರೆ ಬಳಸಲು ಹೋದವರಿಗೆ ಏನಾಗುತ್ತೆ ಅಂತ ದಕ್ಷಿಣ ಆಫ್ರಿಕಾ ನೋಡಬೇಕಾಯಿತು.

* * *

1997ರಲ್ಲಿ ಮಂಡೇಲಾ ಸರ್ಕಾರ ಔಷಧ ಕಾನೂನಿಗೆ ಒಂದು ತಿದ್ದುಪಡಿ ತಂದಿತು. ಅಗ್ಗದ ಔಷಧ ಹೊರಗಿನಿಂದ ತರಿಸುವ ಅಧಿಕಾರ ಆರೋಗ್ಯ ಮಂತ್ರಿಗೆ ಸಿಕ್ಕಿತು. 1998ರ ಫೆಬ್ರವರಿಯಲ್ಲಿ ಅಲ್ಲಿನ ಔಷಧ ತಯಾರಕರ ಸಂಘ ಮತ್ತು ಸುಮಾರು 40 ಕಂಪನಿಗಳು ಕೋರ್ಟಿಗೆ ಹೋದವು. ಕೇಸಿನ ಕಾಗದದಲ್ಲಿ ಎದುರು ಪಕ್ಷದವರ ಪಟ್ಟಿಯ ಮೊದಲ ಹೆಸರು ನೆಲ್ಸನ್ ಮಂಡೇಲಾ! 27 ವರ್ಷ ಜೈಲಿನಲ್ಲಿದ್ದು ಬಂದ ಮನುಷ್ಯ, ತನ್ನ ಜನಕ್ಕೆ ಅಗ್ಗದ ಮಾತ್ರೆ ತರಿಸಲು ಹೋಗಿ ಮತ್ತೆ ಕಟಕಟೆಯಲ್ಲಿ.

ಅಮೆರಿಕ ಸರ್ಕಾರವೂ ಕಂಪನಿಗಳ ಪರ ನಿಂತು, ದಕ್ಷಿಣ ಆಫ್ರಿಕಾವನ್ನು ವ್ಯಾಪಾರದ ಕಣ್ಗಾವಲು ಪಟ್ಟಿಗೆ ಸೇರಿಸಿತು. ಒತ್ತಡ ಹಾಕುವ ಜವಾಬ್ದಾರಿ ಉಪಾಧ್ಯಕ್ಷ ಅಲ್ ಗೋರ್ ಅವರ ಮೇಲಿತ್ತು. 1999ರ ಜೂನ್‌ನಲ್ಲಿ ಗೋರ್ ಅಧ್ಯಕ್ಷ ಚುನಾವಣೆಯ ಪ್ರಚಾರ ಶುರು ಮಾಡಿದ ದಿನವೇ, ಅವರ ಸ್ವಂತ ಊರಿನ ಸಭೆಯಲ್ಲೇ ಆಕ್ಟ್ ಅಪ್‌ನವರು ಎದ್ದು ನಿಂತು ಕೂಗಿದರು. ಮುಂದಿನ ಸಭೆಗಳಲ್ಲೂ ಬಿಡಲಿಲ್ಲ. ಟಿವಿಯಲ್ಲಿ ಬಂತು, ಪೇಪರಿನಲ್ಲಿ ಬಂತು. ಆ ವರ್ಷ ಮುಗಿಯುವುದರೊಳಗೆ ಅಮೆರಿಕ ದಕ್ಷಿಣ ಆಫ್ರಿಕಾವನ್ನು ಪಟ್ಟಿಯಿಂದ ತೆಗೆಯಿತು. ಯಾರಿಗೂ ಅರ್ಥವಾಗದ ಒಂದು ಕಾನೂನಿನ ಕಲಮು ಚುನಾವಣೆಯ ತಲೆನೋವಾದದ್ದು ಹೀಗೆ.

ದಕ್ಷಿಣ ಆಫ್ರಿಕಾದ ಒಳಗೆ ನಡೆದದ್ದು ಇನ್ನೂ ದೊಡ್ಡದು. 1998ರ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನ, ಕೇಪ್‌ಟೌನಿನ ಒಂದು ಚರ್ಚಿನ ಮೆಟ್ಟಿಲ ಮೇಲೆ ಹತ್ತಾರು ಜನ ಸೇರಿ 'ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್' ಶುರು ಮಾಡಿದರು. ಅವರಲ್ಲಿ ಮುಖ್ಯ ಝಾಕಿ ಅಹ್ಮತ್. ವರ್ಣಭೇದ ನೀತಿಯ ವಿರುದ್ಧ ಹೋರಾಡಿ ಹುಡುಗನಾಗಿದ್ದಾಗಲೇ ಜೈಲು ನೋಡಿದ್ದವರು. ಅವರಿಗೂ ಎಚ್‌ಐವಿ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಸಿಗುವವರೆಗೂ ನಾನು ಈ ಔಷಧ ತಗೊಳ್ಳೋದಿಲ್ಲ ಅಂತ ಶಪಥ ಮಾಡಿದರು. ಕೊಂಡುಕೊಡಲು ಗೆಳೆಯರಿದ್ದರು, ಆದರೂ ತಗೊಳ್ಳಲಿಲ್ಲ. 2002ರಲ್ಲಿ ಮಂಡೇಲಾ ಖುದ್ದಾಗಿ ಮನೆಗೆ ಹೋಗಿ ಔಷಧ ತಗೊಳ್ಳಪ್ಪ ಅಂತ ಬೇಡಿಕೊಂಡರೂ ಒಪ್ಪಲಿಲ್ಲ.

ಈ ಸಂಘಟನೆಯ ಜನ ಎದೆಯ ಮೇಲೆ 'ಎಚ್‌ಐವಿ ಪಾಸಿಟಿವ್' ಅಂತ ದೊಡ್ಡದಾಗಿ ಬರೆದ ಟೀ ಶರ್ಟ್ ಹಾಕಿಕೊಂಡು ಬೀದಿಗೆ ಬಂದರು. ಕಾಯಿಲೆ ಇದ್ದವರೂ ಹಾಕಿಕೊಂಡರು, ಇಲ್ಲದವರೂ ಹಾಕಿಕೊಂಡರು. ನಮ್ಮ ಓಣಿಯಲ್ಲಿ ಆ ಹೆಸರು ಪಿಸುಮಾತಿನಲ್ಲೂ ಬರುತ್ತಿರಲಿಲ್ಲ ಅನ್ನುವುದನ್ನು ಜ್ಞಾಪಿಸಿಕೊಂಡರೆ ಅದು ಎಂಥ ಧೈರ್ಯ ಅಂತ ಗೊತ್ತಾಗುತ್ತೆ. ಇನ್ನೂ ಒಂದು ಕೆಲಸ ಮಾಡಿದರು. ಹಳ್ಳಿ, ಸ್ಲಮ್ಮುಗಳಲ್ಲಿ ತರಗತಿ ನಡೆಸಿ ವೈರಸ್ ಅಂದರೇನು, ಔಷಧ ಹೇಗೆ ಕೆಲಸ ಮಾಡುತ್ತೆ, ಪೇಟೆಂಟ್ ಅಂದರೇನು ಅಂತ ಹೇಳಿಕೊಟ್ಟರು. ಶಾಲೆ ಬಿಟ್ಟ ಹೆಂಗಸರು ಟ್ರಿಪ್ಸ್ ಬಗ್ಗೆ ಮಾತಾಡಲು ಕಲಿತರು.

2000ದಲ್ಲಿ ಅಹ್ಮತ್ ಥಾಯ್ಲೆಂಡಿಗೆ ಹೋಗಿ ಫ್ಲುಕೊನಜೋಲ್ ಮಾತ್ರೆಗಳನ್ನು ಕೊಂಡು ತಂದರು. ಏಡ್ಸ್ ಬಂದವರಿಗೆ ಬಾಯಲ್ಲಿ, ಗಂಟಲಲ್ಲಿ, ಮೆದುಳ ಪೊರೆಯಲ್ಲಿ ಬೆಳೆಯುವ ಶಿಲೀಂಧ್ರಕ್ಕೆ ಅದು ಔಷಧ. ಅಲ್ಲಿನ ಬೆಲೆ ದಕ್ಷಿಣ ಆಫ್ರಿಕಾದ ಬೆಲೆಯ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಕಾನೂನು ಮುರಿಯುತ್ತಿದ್ದೇವೆ ಅಂತ ಮೊದಲೇ ಸಾರಿಯೇ ತಂದರು. ಆ ಚಳವಳಿಗೆ ಇಟ್ಟದ್ದು ಕ್ರಿಸ್ಟೋಫರ್ ಮೊರಾಕಾ ಅವರ ಹೆಸರು. ಅದೇ ವರ್ಷ, ಈ ಔಷಧ ಸಿಗದೆ ಗಂಟಲು ಹುಣ್ಣಾಗಿ ನರಳಿ ಸತ್ತ ಅವರದೇ ಒಬ್ಬ ಜೊತೆಗಾರ. ಗಾಂಧಿ ಉಪ್ಪು ತಂದ ಹಾಗೆ ಇವರು ಮಾತ್ರೆ ತಂದರು ಅಂತ ನನಗೆ ಅನ್ನಿಸುತ್ತೆ. ಗಾಂಧಿ ಸತ್ಯಾಗ್ರಹ ಕಲಿತದ್ದೂ ಅದೇ ನೆಲದಲ್ಲಿ ತಾನೆ.

* * *

ಈಗ ಕಥೆ ನಮ್ಮ ದೇಶಕ್ಕೆ ಬರುತ್ತೆ.

2000ದ ಸೆಪ್ಟೆಂಬರ್ 28. ಬ್ರಸೆಲ್ಸ್‌ನಲ್ಲಿ ಯುರೋಪಿಯನ್ ಕಮಿಷನ್ ಕರೆದ ಸಭೆ. ದೊಡ್ಡ ದೊಡ್ಡ ಔಷಧ ಕಂಪನಿಗಳವರೆಲ್ಲ ಇದ್ದರು. ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಎದ್ದು ನಿಂತು ಮೂರು ಔಷಧಗಳನ್ನು ವರ್ಷಕ್ಕೆ 800 ಡಾಲರಿಗೆ ಕೊಡುತ್ತೇನೆ ಅಂದರು. 10,000 ಎಲ್ಲಿ, 800 ಎಲ್ಲಿ! ಸಭೆಯಲ್ಲಿ ಯಾರೂ ಕೈಚಾಚಲಿಲ್ಲ. ಮುಂದೆ 2001ರ ಫೆಬ್ರವರಿಯಲ್ಲಿ, ಅಮೆರಿಕದ ಹೋರಾಟಗಾರರು ಇನ್ನೂ ಇಳಿಸಲಾಗುತ್ತಾ ಅಂತ ಕೇಳಿದ ಮೇಲೆ, 'ಗಡಿಗಳಿಲ್ಲದ ವೈದ್ಯರು' ಸಂಸ್ಥೆಗೆ 350 ಡಾಲರಿಗೆ ಕೊಡುತ್ತೇನೆ ಅಂದರು. ದಿನಕ್ಕೆ ಒಂದು ಡಾಲರಿಗಿಂತಲೂ ಕಡಿಮೆ. ಮರುದಿನ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ.

ಸಿಪ್ಲಾ ಆ ಮೂರನ್ನೂ ಸೇರಿಸಿ ಒಂದೇ ಗುಳಿಗೆ ಮಾಡಿತ್ತು. ಸ್ಟಾವುಡಿನ್, ಲಾಮಿವುಡಿನ್, ನೆವಿರಪಿನ್. ಬೆಳಿಗ್ಗೆ ಒಂದು, ರಾತ್ರಿ ಒಂದು, ಮುಗಿಯಿತು. ಹೊರಗಡೆ ಈ ಮೂರು ಔಷಧಗಳು ಮೂರು ಬೇರೆ ಬೇರೆ ಕಂಪನಿಗಳ ಕೈಯಲ್ಲಿದ್ದವು. ಪೈಪೋಟಿಯಲ್ಲಿದ್ದ ಆ ಮೂವರು ಒಟ್ಟಿಗೆ ಕೂತು ಒಂದೇ ಗುಳಿಗೆ ಮಾಡುವ ಮಾತೇ ಇರಲಿಲ್ಲ. ಪದಾರ್ಥದ ಪೇಟೆಂಟ್ ಇಲ್ಲದ ಭಾರತದಲ್ಲಿ ಮಾತ್ರ ಅದು ಸುಲಭವಾಯಿತು. 1970ರ ಕಾನೂನು ಕೊಟ್ಟದ್ದು ಅಗ್ಗದ ಬೆಲೆಯನ್ನಷ್ಟೇ ಅಲ್ಲ, ಒಳ್ಳೆಯ ಔಷಧವನ್ನೂ ಹೌದು. ಡಾಕ್ಟರು ದೂರ ಇರುವ ಹಳ್ಳಿಯವರಿಗೆ ಹಿಡಿಗಟ್ಟಲೆ ಮಾತ್ರೆಯ ಲೆಕ್ಕ ಇಡುವುದಕ್ಕಿಂತ ಎರಡು ಗುಳಿಗೆ ನುಂಗುವುದು ಎಷ್ಟು ಸಲೀಸು ಯೋಚಿಸಿ. (ಸ್ಟಾವುಡಿನ್‌ನಿಂದ ಕೈಕಾಲಿನ ನರಗಳಿಗೆ ತೊಂದರೆ ಆಗುತ್ತಿತ್ತು. ಹಾಗಾಗಿ ಮುಂದೆ ಅದನ್ನು ಕೈಬಿಟ್ಟರು. ಅದನ್ನೂ ಹೇಳಿಬಿಡಬೇಕು.)

ಸ್ಟಾವುಡಿನ್ ಹಿಂದೆ ಇನ್ನೊಂದು ಕಥೆ ಇದೆ. ಏಡ್ಸ್‌ಗೆ ಅದು ಔಷಧವಾಗಬಲ್ಲದು ಅಂತ ಕಂಡುಕೊಂಡದ್ದು ಕಂಪನಿಯಲ್ಲ, ಅಮೆರಿಕದ ಯೇಲ್ ವಿಶ್ವವಿದ್ಯಾಲಯ. ಕಂಪನಿಗೆ ಅಲ್ಲಿಂದ ಲೈಸೆನ್ಸ್ ಹೋಗಿತ್ತು. 2001ರಲ್ಲಿ 'ಗಡಿಗಳಿಲ್ಲದ ವೈದ್ಯರು' ಯೇಲ್‌ಗೆ ಪತ್ರ ಬರೆದು ದಕ್ಷಿಣ ಆಫ್ರಿಕಾದಲ್ಲಿ ನಿಮ್ಮ ಪೇಟೆಂಟ್ ಬಿಟ್ಟುಕೊಡಿ ಅಂದರು. ಯೇಲ್‌ನ ವಿದ್ಯಾರ್ಥಿಗಳು ಸಹಿ ಸಂಗ್ರಹ ಮಾಡಿದರು. ಆ ಸಂಶೋಧನೆ ಮಾಡಿದ ಪ್ರೊಫೆಸರ್ ವಿಲಿಯಂ ಪ್ರುಸಾಫ್ ಕೂಡ ವಿದ್ಯಾರ್ಥಿಗಳ ಜೊತೆ ದನಿಗೂಡಿಸಿದರು. ಮಾರ್ಚ್ ತಿಂಗಳಲ್ಲಿ ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ಪೇಟೆಂಟ್ ಚಲಾಯಿಸುವುದಿಲ್ಲ ಅಂತ ಒಪ್ಪಿಕೊಂಡಿತು.

ಅದೇ ಮಾರ್ಚ್ 5ರಂದು ಪ್ರಿಟೋರಿಯಾ ಹೈಕೋರ್ಟಿನಲ್ಲಿ ಮಂಡೇಲಾ ಮೇಲಿನ ಕೇಸು ವಿಚಾರಣೆಗೆ ಬಂತು. ಹೊರಗೆ ಸಾವಿರಾರು ಜನ ಹಾಡಿ ಕುಣಿಯುತ್ತಿದ್ದರು. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್‌ನವರು ನಮ್ಮ ಮಾತೂ ಕೇಳಿ ಅಂತ ಅರ್ಜಿ ಹಾಕಿದ್ದರು, ಜಡ್ಜ್ ಒಪ್ಪಿದರು. ಅಲ್ಲಿಯವರೆಗೆ ಅದು ಪೇಟೆಂಟಿನ ಕೇಸು. ಈಗ ಅಫಿಡವಿಟ್ಟುಗಳಲ್ಲಿ ಕಾಯಿಲೆಯವರ ಬದುಕು ಬಂದು ಕೂತಿತು. ಉತ್ತರ ಕೊಡಲು ನಾಲ್ಕು ತಿಂಗಳು ಬೇಕು ಅಂದವು ಕಂಪನಿಗಳು. ಜಡ್ಜ್ ಕೊಟ್ಟದ್ದು ಏಪ್ರಿಲ್ 18ರವರೆಗೆ. ಏಪ್ರಿಲ್ 19ರಂದು 39 ಕಂಪನಿಗಳೂ ಕೇಸು ವಾಪಸ್ ತಗೊಂಡವು.

ಇಲ್ಲಿಗೆ ಚಪ್ಪಾಳೆ ಹೊಡೆದು ಕಥೆ ಮುಗಿಸಬಹುದಿತ್ತು. ಆದರೆ ಗೆದ್ದ ಸರ್ಕಾರವೇ ಔಷಧ ಕೊಡಲಿಲ್ಲ! ಮಂಡೇಲಾ ನಂತರ ಬಂದ ಅಧ್ಯಕ್ಷ ಥಾಬೊ ಎಂಬೆಕಿ ಏಡ್ಸ್ ಬರುವುದು ಎಚ್‌ಐವಿಯಿಂದಲೇ ಅನ್ನುವುದನ್ನೇ ಅನುಮಾನಿಸುತ್ತಿದ್ದರು. ನಿನ್ನೆ ಸರ್ಕಾರದ ಪರ ಕೋರ್ಟಿಗೆ ಹೋದವರು ಈಗ ಸರ್ಕಾರದ ಮೇಲೆಯೇ ಕೋರ್ಟಿಗೆ ಹೋಗಬೇಕಾಯಿತು. ಗರ್ಭಿಣಿಯರಿಗೆ ನೆವಿರಪಿನ್ ಕೊಡಲೇಬೇಕು ಅಂತ 2002ರ ಜುಲೈನಲ್ಲಿ ಸಂವಿಧಾನ ಕೋರ್ಟು ತೀರ್ಪು ಕೊಟ್ಟಿತು. ಎಲ್ಲರಿಗೂ ಔಷಧ ಕೊಡುವ ತೀರ್ಮಾನ ಆದದ್ದು 2003ರ ಆಗಸ್ಟಿನಲ್ಲಿ. ಅಹ್ಮತ್ ಮೊದಲ ಮಾತ್ರೆ ನುಂಗಿದ್ದು ಆ ವರ್ಷವೇ. ಈ ವಿಳಂಬದಿಂದ 3,30,000ಕ್ಕೂ ಹೆಚ್ಚು ಜೀವ ಹೋಯಿತು ಅಂತ 2008ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಲೆಕ್ಕ ಹಾಕಿದರು. ಅಗ್ಗ ಆದರಷ್ಟೇ ಸಾಲದು, ಕೈಗೆ ಸಿಗಬೇಕು ಅನ್ನುವುದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ಬೇಡ.

* * *

2001ರ ಅಕ್ಟೋಬರಿನಲ್ಲಿ ಒಂದು ವಿಚಿತ್ರ ನಡೆಯಿತು. ಅಮೆರಿಕದಲ್ಲಿ ಅಂಚೆ ಮೂಲಕ ಆಂಥ್ರಾಕ್ಸ್ ಪುಡಿ ಬರತೊಡಗಿದಾಗ, ಅದರ ಔಷಧದ ಬೆಲೆ ಇಳಿಸದಿದ್ದರೆ ಪೇಟೆಂಟ್ ಬದಿಗಿಡುತ್ತೇವೆ ಅಂತ ಅಮೆರಿಕ ಸರ್ಕಾರವೇ ಕಂಪನಿಯನ್ನು ಹೆದರಿಸಿತು. ಸತ್ತವರು ಐವರು. ಲಕ್ಷ ಲಕ್ಷ ಜನ ಸಾಯುತ್ತಿದ್ದ ಆಫ್ರಿಕಾಕ್ಕೆ ಮಾತ್ರ ಪೇಟೆಂಟ್ ಪವಿತ್ರ ಅಂತ ಬೋಧಿಸುವುದು ಇನ್ನು ಕಷ್ಟವಾಯಿತು. ಮುಂದಿನ ತಿಂಗಳೇ, ನವೆಂಬರ್ 14ರಂದು, ಕತಾರ್‌ನ ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳೆಲ್ಲ ಸೇರಿ ಒಂದು ಘೋಷಣೆ ಮಾಡಿದವು. ಟ್ರಿಪ್ಸ್ ಒಪ್ಪಂದ ಜನರ ಆರೋಗ್ಯ ಕಾಪಾಡಲು ಅಡ್ಡ ಬರಕೂಡದು, ಕಡ್ಡಾಯ ಲೈಸೆನ್ಸ್ ಯಾವಾಗ ಕೊಡಬೇಕು ಅನ್ನುವುದು ಆಯಾ ದೇಶದ ಹಕ್ಕು ಅನ್ನುವುದು ಅದರ ತಿರುಳು.

ಆದರೆ ಸ್ವಂತ ಔಷಧ ಕಾರ್ಖಾನೆಯೇ ಇಲ್ಲದ ದೇಶ ಲೈಸೆನ್ಸ್ ತಗೊಂಡು ಏನು ಮಾಡಬೇಕು? ಅದಕ್ಕೆ ಅಂತ 2003ರಲ್ಲಿ ಇನ್ನೊಂದು ವ್ಯವಸ್ಥೆ ಮಾಡಿದರು. ಅರ್ಜಿ, ನೋಟಿಸು, ಬೇರೆ ಬಣ್ಣದ ಮಾತ್ರೆ ಅಂತ ಅದೆಷ್ಟು ಜಟಿಲವಾಗಿತ್ತೆಂದರೆ, ಆ ದಾರಿಯಲ್ಲಿ ರುವಾಂಡಾಕ್ಕೆ ಕೆನಡಾದಿಂದ ಏಡ್ಸ್ ಔಷಧ ಹೊರಡುವಷ್ಟರಲ್ಲಿ 2008 ಬಂದಿತ್ತು. ಹೀಗಾಗಿ ಬಡ ದೇಶಗಳ ಕಣ್ಣೆಲ್ಲ ಭಾರತದ ಮೇಲೇ ಇತ್ತು. ನಮ್ಮ ಗಡುವು 2005.

2004ರ ಡಿಸೆಂಬರ್ 26ರಂದು, ಸುನಾಮಿ ಬಂದ ದಿನವೇ, ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಔಷಧಕ್ಕೆ ಪದಾರ್ಥದ ಪೇಟೆಂಟ್ ತಂದಿತು. ದೆಹಲಿ, ಮುಂಬಯಿಯಲ್ಲಿ ಮಾತ್ರವಲ್ಲ, ಬೇರೆ ದೇಶಗಳಲ್ಲೂ ನಮ್ಮ ಕಾನೂನಿನ ವಿರುದ್ಧ ಪ್ರತಿಭಟನೆ ನಡೆಯಿತು. ನಮ್ಮ ಪಾರ್ಲಿಮೆಂಟಿನ ಒಂದು ಮಸೂದೆಗೆ ಆಫ್ರಿಕಾದ ರೋಗಿಗಳು ಬೀದಿಗಿಳಿದದ್ದನ್ನು ನೆನೆಸಿಕೊಂಡರೆ ಈಗಲೂ ಒಂಥರಾ ಆಗುತ್ತೆ. 2005ರ ಮಾರ್ಚ್‌ನಲ್ಲಿ ಎಡಪಕ್ಷಗಳ ಒತ್ತಡದಿಂದ ಮಸೂದೆಯಲ್ಲಿ ಕೆಲವು ಬದಲಾವಣೆ ಆದವು. ಮುಖ್ಯವಾಗಿ ಎರಡು. ಹಳೆಯ ಔಷಧದ ರೂಪವನ್ನು ಸ್ವಲ್ಪ ಬದಲಿಸಿ, ಅದರ ಗುಣ ಹೆಚ್ಚಾಗದಿದ್ದರೂ ಮತ್ತೆ 20 ವರ್ಷ ಪೇಟೆಂಟ್ ಕೇಳುವ ಹಾಗಿಲ್ಲ, ಅದು ಸೆಕ್ಷನ್ 3(ಡಿ). ಇನ್ನೊಂದು, ಪೇಟೆಂಟ್ ಕೊಡುವ ಮುಂಚೆಯೇ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಯಾರು ಬೇಕಾದರೂ! ಈ ಎರಡು ಪದಗಳನ್ನು ರೋಗಿಗಳು ಗಟ್ಟಿಯಾಗಿ ಹಿಡಿದುಕೊಂಡರು.

2006ರ ಮಾರ್ಚ್‌ನಲ್ಲಿ ಮಣಿಪುರದ ಎಚ್‌ಐವಿ ಪಾಸಿಟಿವ್ ಜನರ ಸಂಘ ಮತ್ತು ಅಖಿಲ ಭಾರತ ಸಂಘ ಸೇರಿ ಕೊಲ್ಕತ್ತಾದ ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಸಲ್ಲಿಸಿದವು. ಕಾಂಬಿವಿರ್ ಅನ್ನುವ ಮಾತ್ರೆಯ ವಿರುದ್ಧ. ಎರಡು ಹಳೆಯ ಔಷಧಗಳನ್ನು ಒಂದೇ ಮಾತ್ರೆಯಾಗಿ ಸೇರಿಸಿದ್ದಕ್ಕೆ ಹೊಸ ಪೇಟೆಂಟ್ ಯಾಕೆ ಅನ್ನುವುದು ಅವರ ಪ್ರಶ್ನೆ. ಆ ಆಗಸ್ಟಿನಲ್ಲಿ ಕಂಪನಿಯ ವಿರುದ್ಧ ಬ್ಯಾಂಕಾಕ್‌ನಲ್ಲೂ ನಮ್ಮ ಬೆಂಗಳೂರಿನಲ್ಲೂ ಪ್ರತಿಭಟನೆ ನಡೆಯಿತು. ಕೆಲವೇ ದಿನಗಳಲ್ಲಿ ಕಂಪನಿ ಅರ್ಜಿ ವಾಪಸ್ ತಗೊಂಡಿತು. 2008ರಲ್ಲಿ ಮಕ್ಕಳಿಗೆ ಕೊಡುವ ನೆವಿರಪಿನ್ ಸಿರಪ್ಪಿನ ಪೇಟೆಂಟ್ ಅರ್ಜಿ, 2009ರಲ್ಲಿ ಟೆನೊಫೊವಿರ್ ಅರ್ಜಿಗಳು ರೋಗಿಗಳ ಆಕ್ಷೇಪಣೆಯ ನಂತರ ತಿರಸ್ಕೃತವಾದವು. ಇದೇ 3(ಡಿ) ಮೇಲೆ ಗ್ಲಿವೆಕ್ ಅನ್ನುವ ಕ್ಯಾನ್ಸರ್ ಔಷಧದ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರ ಏಪ್ರಿಲ್ 1ರಂದು ಕಂಪನಿ ಸೋತಿತು.

2006ರಲ್ಲಿ ನಾನು ಬೆಂಗಳೂರಿನಲ್ಲೇ ಇದ್ದೆ. ಆ ಪ್ರತಿಭಟನೆಯ ಸುದ್ದಿಯೂ ನನಗೆ ಗೊತ್ತಾಗಲಿಲ್ಲ.

* * *

ಈಗ ಆ ಡ್ರೈವರ್ ಕಥೆ.

350 ಡಾಲರಿನ ಸುದ್ದಿ ಬಂದಾಗ ಅವನು ಬದುಕಿದ್ದ. ಪೇಪರಿನಲ್ಲಿ ಓದಿದ ನನಗೆ ಚೀಟಿ ನೆನಪಾಗಿತ್ತು. ಆಗ ಡಾಲರಿಗೆ 46-47 ರೂಪಾಯಿ. ವರ್ಷಕ್ಕೆ ಹದಿನಾರು ಸಾವಿರ ರೂಪಾಯಿ ಅಂತ ಲೆಕ್ಕ ಹಾಕಿದ್ದೆ. ಅದು ಆ ಸಂಸ್ಥೆಗೆ ಹೇಳಿದ ಬೆಲೆ, ನಮ್ಮೂರ ಅಂಗಡಿಯ ಬೆಲೆಯಲ್ಲ. ಆದರೂ ಹೋಗಿ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ. ಅವತ್ತು ಸುಳ್ಳು ಹೇಳಿದ ಮುಖ ಹೊತ್ತುಕೊಂಡು ಹೇಗೆ ಹೋಗೋದು ಅನ್ನುವ ಸಂಕೋಚ. ಎಚ್‌ಐವಿ ಇದ್ದ ಮನೆಗೆ ಹೋದರೆ ಓಣಿಯವರು ಏನಂದಾರು ಅನ್ನುವ ಭಯವೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. 2002ರ ಮಳೆಗಾಲದಲ್ಲಿ ಅವನು ಹೋದ. ಮಣ್ಣಿಗೆ ಹೋದವರು ಬೆರಳೆಣಿಕೆಯಷ್ಟು ಜನ.

ನಮ್ಮ ಸರ್ಕಾರ ಉಚಿತ ಔಷಧ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿದ ಹಾಗೆ ಕೆಲವು ರಾಜ್ಯಗಳ 8 ಆಸ್ಪತ್ರೆಗಳಲ್ಲಿ. ಜಗತ್ತಿಗೆಲ್ಲ ಅಗ್ಗದ ಮಾತ್ರೆ ಕಳಿಸುತ್ತಿದ್ದ ದೇಶ ತನ್ನವರಿಗೆ ಕೊಡಲು ಇಷ್ಟು ತಡ ಮಾಡಿತು. ಅವನಿಗೆ ಎರಡು ವರ್ಷ ಕಡಿಮೆ ಬಿತ್ತು. ನಾನು ಹೋಗಿ ಹೇಳಿದ್ದರೂ ಅವನು ಉಳಿಯುತ್ತಿರಲಿಲ್ಲವೇನೋ. ಹಾಗಂತ ಸಮಾಧಾನ ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ.

ಇವತ್ತು ಮೂರು ಔಷಧ ಸೇರಿದ ದಿನಕ್ಕೊಂದು ಗುಳಿಗೆ ಬಡ ದೇಶಗಳಿಗೆ ವರ್ಷಕ್ಕೆ 45 ಡಾಲರಿಗಿಂತ ಕಡಿಮೆಗೆ ಸಿಗುತ್ತಿದೆ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2024ರಲ್ಲಿ ಎಚ್‌ಐವಿ ಇದ್ದ ಸುಮಾರು 4 ಕೋಟಿ 8 ಲಕ್ಷ ಜನರಲ್ಲಿ 3 ಕೋಟಿ 16 ಲಕ್ಷ ಜನ ಔಷಧ ತಗೊಳ್ಳುತ್ತಿದ್ದರು. ಆದರೂ ಆ ವರ್ಷ 6 ಲಕ್ಷ 30 ಸಾವಿರ ಜನ ಸತ್ತರು. ಜಗಳವೂ ಮುಗಿದಿಲ್ಲ. ವರ್ಷಕ್ಕೆ ಎರಡೇ ಸಲ ಚುಚ್ಚಿಸಿಕೊಂಡರೆ ಎಚ್‌ಐವಿ ಬರದಂತೆ ತಡೆಯುವ ಲೆನಕಾಪವಿರ್ ಅನ್ನುವ ಔಷಧಕ್ಕೆ 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಇಟ್ಟ ಬೆಲೆ ವರ್ಷಕ್ಕೆ 28,000 ಡಾಲರಿಗೂ ಹೆಚ್ಚು. ಅದೇ ಸೆಪ್ಟೆಂಬರಿನಲ್ಲಿ ನಮ್ಮ ಹೈದರಾಬಾದಿನ ಕಂಪನಿಗಳು 2027ರಿಂದ 40 ಡಾಲರಿಗೆ ಕೊಡುತ್ತೇವೆ ಅಂದವು. ಆದರೆ ಮೂಲ ಕಂಪನಿ ಕೊಟ್ಟ ಲೈಸೆನ್ಸಿನ 120 ದೇಶಗಳ ಪಟ್ಟಿಯಲ್ಲಿ ಬ್ರೆಜಿಲ್, ಪೆರು ಇಲ್ಲ. ಆ ಔಷಧದ ಪ್ರಯೋಗ ಅಲ್ಲಿನ ಜನರ ಮೇಲೂ ನಡೆದಿತ್ತು! ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಕಾನೂನು.

ಹಾಗಾಗಿ ನಮ್ಮ ಸರ್ಕಾರ ಯಾವುದೋ ದೇಶದ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡಿತು ಅಂತ ಸುದ್ದಿ ಬಂದರೆ, ಕಾರು ಅಗ್ಗ ಆಗುತ್ತಾ, ವಿಸ್ಕಿ ಅಗ್ಗ ಆಗುತ್ತಾ ಅಂತ ನೋಡುವುದರ ಜೊತೆಗೆ ಪೇಟೆಂಟ್ ಬಗ್ಗೆ ಅದರಲ್ಲಿ ಏನಿದೆ ಅಂತಲೂ ನಾನು ಈಗ ಹುಡುಕಿ ಓದುತ್ತೇನೆ. ನಿದ್ದೆ ಬರುತ್ತೆ, ನಿಜ. ಆದರೂ ಓದುತ್ತೇನೆ.

ಆಸ್ಪತ್ರೆಯ ಆ ಹೆಂಗಸು ಡಬ್ಬಿಯನ್ನು ಕರಿಬೇವಿನ ಕೆಳಗೆ ಮುಚ್ಚಿಟ್ಟುಕೊಂಡದ್ದು ಇನ್ನೂ ಕಣ್ಣ ಮುಂದಿದೆ. ಬೆಲೆ ಇಳಿಯಿತು, ಆ ಸಂಕೋಚ ಇನ್ನೂ ಇಳಿದಿಲ್ಲ. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ, ನಾವೇ ಇಳಿಸಬೇಕು.

2006ರ ಆ ಬೆಂಗಳೂರಿನ ಪ್ರತಿಭಟನೆಯಲ್ಲಿ ಇದ್ದವರು ಅಥವಾ ಅದನ್ನು ಕಣ್ಣಾರೆ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಓದಬೇಕು ಅಂತ ಆಸೆ.